ಇಪ್ಪತ್ತು ವರ್ಷ ಎಲ್ಲಿಂದ ಎಣಿಸಬೇಕು?

ಚನ್ನಪಟ್ಟಣ
೧೮ ಜನವರಿ ೨೦೨೫

ಪ್ರಿಯ ಬೋರಲಿಂಗಯ್ಯ,

ಅದೇ, ಆ ಮಾತ್ರೆಗೆ ಮುಂದಿನ ವರ್ಷದವರೆಗೆ ಕಾಯಬೇಡ ಎನ್ನುತ್ತಿದ್ದೆ. ನಿನ್ನೆ ಸಿಟ್ಟಿನಲ್ಲಿ ಫೋನು ಅರ್ಧಕ್ಕೇ ಇಟ್ಟುಬಿಟ್ಟೆ, ಕ್ಷಮಿಸು. ದೀಪಾವಳಿಗೆ ನೀನು ಬರೆದ ಕಾಗದಕ್ಕೂ ಉತ್ತರ ಬಾಕಿ. ನಿಮ್ಮೂರು ಕಲ್ಯದಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು, ನೀನು ನಿನ್ನ ಹೆಂಡತಿ ಚಿಕ್ಕಲಕ್ಷ್ಮಮ್ಮನ ವಿಷಯ ಮಾತ್ರ ಕೊನೆಯ ಸಾಲಿಗೆ ತಳ್ಳಿದ್ದೆ: ಹೋದ ವರ್ಷ ತೀರಿಕೊಂಡ ನನ್ನಾಕೆ ಫಿರೋಜಾಗೆ ಕೊಡುತ್ತಿದ್ದ ಕ್ಯಾನ್ಸರ್ ಮಾತ್ರೆಯನ್ನೇ ಆಕೆಗೂ ಬರೆದಿದ್ದಾರೆ, ಕೊಳ್ಳುವ ಶಕ್ತಿಯಿಲ್ಲ, ಅದರ ಪೇಟೆಂಟ್ ಮುಗಿಯುವುದು ಯಾವಾಗ?

ಮುಂದಿನ ವರ್ಷ ಎಂದು ಈ ತಿಂಗಳ ಮೊದಲಲ್ಲಿ ಫೋನಿನಲ್ಲಿ ಹೇಳಿದ್ದೆನಲ್ಲ. ಲೆಕ್ಕ ನನಗೆ ಗೊತ್ತು ಅಂದುಕೊಂಡಿದ್ದೆ. ಇಪ್ಪತ್ತು ವರ್ಷ ಮಾತ್ರೆ ಕಂಡುಹಿಡಿದ ಕಂಪನಿ ಬಿಟ್ಟು ಯಾರೂ ಮಾಡುವಂತಿಲ್ಲ, ಆಮೇಲೆ ಯಾರಾದರೂ ಮಾಡಬಹುದು, ಬೆಲೆ ಬೀಳುತ್ತದೆ. ನಮ್ಮ ಬೊಂಬೆ ಬೀದಿಯಲ್ಲಿ ಇಪ್ಪತ್ತು ವರ್ಷ ಎಲ್ಲಿ ಬಂತು! ನಾನು ಬೆಳಿಗ್ಗೆ ಹೊಸ ಬುಗುರಿ ಅಂಗಡಿಗೆ ನೇತುಹಾಕಿದರೆ ಸಂಜೆಗೆ ಎದುರಂಗಡಿಯ ಇಮಾಮ್ ಸಾಬ್ ಅದನ್ನೇ ಕಡೆದು, ಒಂದು ಹಸಿರು ಪಟ್ಟೆ ಬಳಿದು, 'ಏನ್ಲಾ ಖಲಂದರ್, ನಿಂದಕ್ಕಿಂತ ನಂದೇ ಚೆನ್ನಾಗಿ ತಿರುಗ್ತೈತೆ' ಎಂದು ನನ್ನೆದುರೇ ಆಡಿಸುತ್ತಾನೆ. ಬೈದು, ಅವನ ಚಾ ಕುಡಿದು ಬರುತ್ತೇನೆ. ನಮಗೆ ಬೊಂಬೆ ಹುಟ್ಟುವುದು ಅದು ಅಂಗಡಿಗೆ ಬಂದ ದಿನ. ಆ ಮಾತ್ರೆಯನ್ನೂ ಹಾಗೇ ಎಣಿಸಿದ್ದೆ.

ಖಾತ್ರಿಗೆಂದು ಮೊನ್ನೆ ರಾಮನಗರದಲ್ಲಿ ನಮ್ಮ ಬೊಂಬೆ ಸಂಘದ ವಕೀಲ ಮುನಾವರ್‌ನನ್ನು ಕೇಳಿದೆ. 'ಚಾಚಾ, ಅಂಗ್ಡಿಗೆ ಬಂದ್ ದಿನದಿಂದ ಅಲ್ಲ, ಕಂಪ್ನಿಯೋರು ಅರ್ಜಿ ಹಾಕಿದ್ ದಿನದಿಂದ. ಪರೀಕ್ಷೆ ಗಿರೀಕ್ಷೆ ಮುಗ್ಸಿ ಅಂಗ್ಡಿಗೆ ಬರೋಷ್ಟ್ರಲ್ಲಿ ಒಸಿ ವರ್ಷ ಹೋಗಿರ್ತವೆ. ಇದು ಎರಡ್ಸಾವಿರದ್ ಇಪ್ಪತ್ಮೂರರಲ್ಲೇ ಮುಗ್ದೋಗೈತೆ. ಬೇರೆ ಕಂಪ್ನಿದು ಆಗ್ಲೇ ಬಂದ್ಬುಟ್ಟೈತೆ' ಅಂದ.

ನಾನು ಪ್ರತಿ ತಿಂಗಳು ಕೊಳ್ಳುತ್ತಿದ್ದ ಮೆಡಿಕಲ್ ಸ್ಟೋರಿಗೇ ನೆಟ್ಟಗೆ ಹೋದೆ. ಇತ್ತು ಕಣಯ್ಯ! ಅದೇ ಕಪಾಟು, ಬೇರೆ ಡಬ್ಬಿ, ಬೆಲೆ ಕಾಲುಭಾಗ, ಬಂದು ಒಂದೂವರೆ ವರ್ಷವಾಯಿತಂತೆ. ಯಾಕೆ ಹೇಳಲಿಲ್ಲ ಅಂದರೆ, 'ನೀವ್ ಕೇಳ್ಲಿಲ್ಲ, ನಾವ್ ಹೇಳ್ಲಿಲ್ಲ. ಚೀಟೀಲಿ ಬರ್ದಿದ್ದು ಕೊಟ್ವಿ' ಅನ್ನುತ್ತಾನೆ. ಗಾಜಿನ ಮೇಲೆ ಗುದ್ದಿದೆ. ಬಾಯಿಗೆ ಬಂದದ್ದು ನಮ್ಮ ಬಿಎ ಪರೀಕ್ಷೆಯ ಇಂಗ್ಲಿಷು: 'ಎಕ್ಸ್‌ಪ್ಲೇನ್ ವಿತ್ ರೆಫರೆನ್ಸ್ ಟು ದಿ ಕಾಂಟೆಕ್ಸ್ಟ್!' ಅಲ್ಲಿದ್ದವರೆಲ್ಲ ನಕ್ಕರು. ಕೈ ಊದಿಕೊಂಡಿದೆ, ಅಕ್ಷರ ಸೊಟ್ಟಗಿರುವುದು ಅದಕ್ಕೇ.

ಆ ದಿನಾಂಕ ಗೊತ್ತಿದ್ದವರು ಅಷ್ಟು ಜನ. ಕಾಯಿಲೆಯವರಿಗೆ ಹೇಳುವ ಕೆಲಸ ಮಾತ್ರ ಯಾರದೂ ಅಲ್ಲವಂತೆ!

ನಾಳೆಯೇ ಹೋಗಿ ಡಾಕ್ಟರ ಕೈಲಿ ಔಷಧದ ಹೆಸರು ಬರೆಸು, ಕಂಪನಿಯ ಹೆಸರಲ್ಲ. 'ಖಲಂದರಣ್ಣ ಮುಂದಿನ್ ವರ್ಸ ಅಂದವ್ರೆ' ಎಂದು ಚಿಕ್ಕಲಕ್ಷ್ಮಮ್ಮ ಸುಮ್ಮನೆ ಕೂತಾಳು, ಬಿಡಬೇಡ. ಅಲ್ಲಾಹು ಆಕೆಗೆ ಆಯುಸ್ಸು ಕೊಡಲಿ, ನಿನ್ನ ದೇವರೂ ಒಂದು ಕೈ ಹಾಕಲಿ.

ನಿನ್ನ
ಖಲಂದರ್

ತಾ.ಕ.: ಫಿರೋಜಾಗೂ ಅದೇ ಲೆಕ್ಕ ಹೇಳಿದ್ದೆ. 'ದುಡ್ಡು ಅಲ್ಲೀವರ್ಗೂ ಮುಟ್ಬೇಕಲ್ರೀ' ಎಂದು ಅವಳು ಮಾತ್ರೆಯನ್ನು ನನ್ನ ಉಳಿಯಲ್ಲಿ ಎರಡು ಮಾಡಿಸಿ, ಇವತ್ತು ಅರ್ಧ, ನಾಳೆ ಅರ್ಧ ನುಂಗುತ್ತಿದ್ದಳು. ಬೊಂಬೆ ಕಡೆಯುವ ಕೈ, ಎರಡು ಹೋಳೂ ಸಮ ಬರುತ್ತಿದ್ದವು. ಎಷ್ಟು ನೀಟಾಗಿ ಕುಯ್ತೀರಿ ಎಂದು ಮೆಚ್ಚಿಕೊಳ್ಳುತ್ತಿದ್ದಳು. ಆಗಲೇ ಆ ಡಬ್ಬಿ ಆ ಕಪಾಟಿನಲ್ಲಿ... ಬೆಳಕು ಹೋಗುತ್ತಿದೆ ಬೋರಲಿಂಗಯ್ಯ, ಬರೆದದ್ದು ಕಾಣುತ್ತಿಲ್ಲ.