ಮೀಟರು ನಿಲ್ಲಲಿಲ್ಲ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ತಂಗಿಯ ಬಾಣಂತನದಲ್ಲಿ ನಿನಗೆ ಉಸಿರಾಡಲೂ ಪುರುಸೊತ್ತಿಲ್ಲ ಎಂದು ಗೊತ್ತು. ಆದರೂ ಇದನ್ನು ಪೂರ್ತಿ ಓದು. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ.

ಅಪ್ಪ ಇಷ್ಟು ವರ್ಷ ನೋಡಿಕೊಂಡ ಎಣ್ಣೆ ಬಾವಿ ಬತ್ತುತ್ತಿದೆ ಎಂದು ಕಂಪನಿಯವರಿಗೆ ಅನುಮಾನ. ಹರಿವು ಕಡಿಮೆಯಾಗಿದ್ದರೆ ಬಾವಿ ಮುಚ್ಚುತ್ತಾರೆ. ಅಪ್ಪನ ಕೆಲಸವೂ ಹೋಗುತ್ತದೆ, ಕಂಪನಿ ಕೊಟ್ಟ ಈ ಮನೆಯೂ. ಅಳೆಯಲು ಕಳಿಸಿದ್ದು ಯಾರನ್ನು ಗೊತ್ತಾ? ನನ್ನನ್ನೇ. ಬೇರೆಯವರನ್ನು ಕಳಿಸಿ ಎಂದು ಕೇಳಿಕೊಂಡೆ, ಯಾರಿಗೂ ಬಿಡುವಿಲ್ಲವಂತೆ.

ಅಳೆಯುವುದೇನು ಮಹಾ ಎಂದು ಯಾವಾಗಲೂ ಆಡಿಕೊಳ್ಳುತ್ತೀಯಲ್ಲ, ಕೇಳು. ಬಾವಿಯಿಂದ ಎಣ್ಣೆ, ನೀರು, ಗ್ಯಾಸು ಎಲ್ಲ ಕಲಸಿಕೊಂಡೇ ಬರುತ್ತದೆ. ಹಾಗೇ ಅಳೆದರೆ ಲೆಕ್ಕ ಸಿಗದು. ಅದಕ್ಕೆ ಆ ಒಂದು ಬಾವಿಯನ್ನು ಮಾತ್ರ ಪರೀಕ್ಷೆಯ ಟ್ಯಾಂಕಿಗೆ ತಿರುಗಿಸುತ್ತೇವೆ. ಅಲ್ಲಿ ಗ್ಯಾಸು ಮೇಲೇರುತ್ತದೆ, ನೀರು ತಳ ಸೇರುತ್ತದೆ, ಎಣ್ಣೆ ನಡುವೆ ನಿಲ್ಲುತ್ತದೆ; ಒಂದೊಂದಕ್ಕೂ ಒಂದೊಂದು ಮೀಟರು. ಪಕ್ಕದ ಬಾವಿಗಳ ವಾಲ್ವು ಮಾತ್ರ ಬಿಗಿಯಾಗಿ ಮುಚ್ಚಿರಬೇಕು. ಇಲ್ಲದಿದ್ದರೆ ನೆರೆಮನೆಯ ನಲ್ಲಿ ನೀರನ್ನೂ ನಮ್ಮ ಬಕೆಟ್ಟಿಗೆ ಹಿಡಿದು ನಮ್ಮದೇ ಎಂದ ಹಾಗಾಗುತ್ತದೆ.

ಮೊದಲ ದಿನ ಎಣ್ಣೆಯ ಮೀಟರು ಓಡಿದ್ದೇ ಓಡಿದ್ದು. ಅಪ್ಪನ ಮುಖ ಮೊರದಗಲವಾಯಿತು. "ನೋಡಿದ್ಯಾ, ನನ್ನ ಬಾವಿಗೆ ವಯಸ್ಸಾಗಿಲ್ಲ," ಅಂದರು. ನನಗೂ ಹಾಲು ಕುಡಿದಷ್ಟು ಸಂತೋಷ. ಆದರೆ ಬಾವಿಯ ಬಾಯಲ್ಲಿದ್ದ ಒತ್ತಡಕ್ಕೆ ಅಷ್ಟು ಹರಿವು ಬರಲು ಸಾಧ್ಯವೇ ಇರಲಿಲ್ಲ. ಮಾರನೆಯ ಬೆಳಿಗ್ಗೆ ಅಪ್ಪನ ಬಾವಿಯನ್ನೇ ಮುಚ್ಚಿ ಮೀಟರಿನ ಮುಂದೆ ನಿಂತೆ. ಅದು ಓಡುತ್ತಲೇ ಇತ್ತು, ಅಮ್ಮ.

ಪಕ್ಕದ ಬಾವಿಯ ವಾಲ್ವು ಸವೆದು ಸೋರುತ್ತಿತ್ತು. ಸರಿಮಾಡಿ ಮತ್ತೆ ಅಳೆದೆ. ಅಪ್ಪನ ಬಾವಿಯಲ್ಲಿ ಈಗ ಬರುವುದು ಬಹುಪಾಲು ನೀರೇ. ಬಂದಷ್ಟನ್ನೇ ಬರೆದು ಕಳಿಸಿದ್ದೇನೆ. ಅಪ್ಪ ಊಟ ಅರ್ಧಕ್ಕೇ ಬಿಟ್ಟು ಎದ್ದರು. ಹೆತ್ತವರ ಅನ್ನಕ್ಕೇ ಕಲ್ಲು ಹಾಕಿದೆನೇನೋ ಎಂದು ಒಂದೇ ಸಮನೆ ಕೊರಗುತ್ತಿದ್ದೇನೆ. ಬೇಗ ಬಾ. ಬಂದು ಬೈದರೂ ಸರಿ.

ಇಂತಿ ನಿನ್ನ
ಬಾಯಿಬಡುಕಿ

ತಾ.ಕ.: ವಾಲ್ವು ಸವೆದಿತ್ತು ಎಂದು ವರದಿಯಲ್ಲೂ ಬರೆದೆ, ನಿನಗೂ ಬರೆದೆ. ನಿನ್ನ ಹತ್ತಿರ ಸುಳ್ಳು ದಕ್ಕುವುದಿಲ್ಲ. ಅದು ಸವೆದಿರಲಿಲ್ಲ, ಅರ್ಧ ಸುತ್ತು ತೆರೆದಿತ್ತು. ಮುಚ್ಚಲು ಹೋದಾಗ ಅಪ್ಪ ಹಿಂದೆಯೇ ಬಂದು ನಿಂತರು. ಯಾಕೆ ತೆರೆದಿತ್ತು ಎಂದು ನಾನು ಕೇಳಲಿಲ್ಲ. "ಬಿಡು, ಅದು ನಿನ್ನ ಕೈಗೆ ಬಗ್ಗಲ್ಲ," ಎಂದು ತಾವೇ ತಿರುಗಿಸಿ ಮುಚ್ಚಿದರು.