ಗೋಂದಿನ ಬೊಟ್ಟು

ಅಂಗಡಿಯಿಂದ,
ನವೆಂಬರ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ದೊಡ್ಡಮ್ಮನ ಮನೆಯ ಹಾಸಿಗೆ ತೀರಾ ಮೆತ್ತಗಿದೆ, ಬೆನ್ನು ಹಿಡಿಯುತ್ತೆ ಅಂದಿದ್ದೆಯಲ್ಲ, ಈಗ ನೆಲದ ಮೇಲೆ ಮಲಗುತ್ತಿದ್ದೀಯೋ ಅಥವಾ ದೊಡ್ಡಮ್ಮ ಬೇಜಾರು ಮಾಡಿಕೊಳ್ಳುತ್ತಾಳೆಂದು ಅದರ ಮೇಲೇ ಹೊರಳಾಡುತ್ತಿದ್ದೀಯೋ? ಕಣ್ಣಿನ ಹನಿ ಮುಗಿಯುತ್ತಾ ಬಂದಿರಬೇಕು, ತರಿಸಿಕೋ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಗೂಡ್ಸ್ ಗಾಡಿಯ ಡ್ಯೂಟಿ ಮುಗಿಸಿ ಬಂದ ದಿನ ಅಪ್ಪನೇ ಅಡುಗೆ ಮಾಡುತ್ತಾರೆ. ಉಪ್ಪು ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದರೆ ಇನ್ನೊಮ್ಮೆ ಹಾಕುವುದು ಅವರ ಪದ್ಧತಿ. ಅನುಮಾನ ಅವರಿಗೆ ದಿನವೂ ಬರುತ್ತದೆ. ನಾನು ನೀರು ಬೆರೆಸಿಕೊಂಡು ತಿನ್ನುತ್ತೇನೆ.

ಫೋನ್ ಬಿಟ್ಟು ಪತ್ರ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನೀನು "ಚೆನ್ನಾಗಿದ್ದೀನಿ, ಊಟ ಆಯ್ತಾ?" ಅಂದವಳೇ ದೊಡ್ಡಮ್ಮನ ಕೈಗೆ ಕೊಟ್ಟುಬಿಡುತ್ತೀಯ. ನಾನಾದರೂ ಹ್ಞೂಂ, ಉಹ್ಞೂಂ ಇವೆರಡರ ಆಚೆ ಹೋಗುವವನಲ್ಲ. ಆದರೆ ಈ ಸಲ ಹೇಳಬೇಕಾದದ್ದನ್ನು ಹೇಳಿಯೇ ತೀರುತ್ತೇನೆ. ಸೋಮವಾರ ಹಳೇ ಸಾಮಾನಿನವರು ನಿನ್ನ ಕೊಳಲು ರಿಪೇರಿಯ ಮೇಜನ್ನೂ ಉಪಕರಣಗಳನ್ನೂ ಒಯ್ಯಲು ಬರುತ್ತಾರೆ. ಅಷ್ಟರೊಳಗೆ ನೀನು ಇದನ್ನು ಓದಬೇಕು, ಇಲ್ಲಿಗೆ ಬಂದು ಅವರನ್ನು ಬರಿಗೈಲಿ ವಾಪಸ್ ಕಳಿಸಬೇಕು. ನಿನ್ನ ಕೈಗೆ ಏನೂ ಆಗಿಲ್ಲ ಅಮ್ಮಾ. ನಡುವೆ ಯಾರಾದರೂ ಕರೆದು ಪತ್ರ ಮಡಚಿಟ್ಟರೂ ಇದೊಂದು ನಿನ್ನ ಕಣ್ಣಿಗೆ ಬಿದ್ದಿರಲಿ ಎಂದು ಮೊದಲೇ ಬರೆದಿದ್ದೇನೆ.

ಗುಡುಗು ಮೇಷ್ಟ್ರು ಅಂಗಡಿಗೆ ನುಗ್ಗಿದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಮರೆತಿರಲಾರರು. ಶಾಲೆಯ ಕಾರ್ಯಕ್ರಮದಲ್ಲಿ, ಪೋಷಕರೆಲ್ಲ ಕೂತಿದ್ದಾಗ, ನುಡಿಸುತ್ತಿದ್ದ ಹಾಗೇ ಅವರ ಲೋಹದ ವೆಸ್ಟರ್ನ್ ಕೊಳಲಿನ ಸ್ಕ್ರೂ ಕಳಚಿ, ತೂತಿನ ಮೇಲಿನ ಮುಚ್ಚಳ ಜೋತುಬಿದ್ದು, ಮಕ್ಕಳು ನಕ್ಕವಂತೆ. ಅಷ್ಟು ಗಟ್ಟಿ ಗಂಟಲಿನ ಮನುಷ್ಯ ಕೊಳಲಿನಂಥ ಮೆತ್ತನೆಯ ವಾದ್ಯ ಯಾಕೆ ಹಿಡಿದರೋ ಎಂದು ನೀನೇ ಹಿಂದೆ ನಗುತ್ತಿದ್ದೆ. ಅವತ್ತು ನೀನು ನಗಲಿಲ್ಲ. "ಕೈ ನಡುಗೋಕೆ ಶುರುವಾದ ಮೇಲೆ ಕೆಲಸ ನಿಲ್ಲಿಸಬೇಕಮ್ಮಾ, ಇನ್ನೊಬ್ಬರ ಮಾನ ಕಳೀಬಾರದು" ಅಂದರು ಮೇಷ್ಟ್ರು. ಒಂದೇ ತಿಂಗಳಲ್ಲಿ ಹಾಗೆ ಸಡಿಲಾಗಿ ಬಂದ ಮೂರನೇ ಕೊಳಲು ಅದು. ಮೊದಲು ಹಲ್ಲಿನ ಡಾಕ್ಟರಮ್ಮನದು, ಆಮೇಲೆ ರಿಟೈರಾದ ಪೋಸ್ಟ್‌ಮ್ಯಾನ್ ತಾತನದು. ಮೂರನ್ನೂ ಬಿಗಿದವಳು ನೀನೇ. ಆ ಸಂಜೆ ಒಂದೊಂದೇ ಉಪಕರಣವನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಸುತ್ತಿಟ್ಟೆ. "ಸಾಕು, ಮಾರಿಬಿಡಿ" ಅಂದೆ. "ನಿಮ್ಮಮ್ಮ ಹಠ ಹಿಡಿದರೆ ನನ್ನ ಇಂಜಿನ್ನಿಗೂ ಎಳೆಯೋಕಾಗಲ್ಲ ಕಣೋ" ಎಂದು ಅಪ್ಪ ನನ್ನ ಹತ್ತಿರ ಹೇಳಿದರು. ಎರಡು ದಿನ ಬಿಟ್ಟು ನೀನು ದೊಡ್ಡಮ್ಮನ ಮನೆಗೆ ಹೊರಟೆ.

ಹೊರಡುವಾಗ ನನಗೆ ಹೇಳಿದ್ದು ಒಂದೇ ಕೆಲಸ. ಡಾಕ್ಟರಮ್ಮನ ಕೊಳಲನ್ನು ಮುಟ್ಟದೆ ಹಾಗೇ ವಾಪಸ್ ಕೊಟ್ಟುಬಿಡು ಅಂದಿದ್ದೆ. ನಾನು ಕೊಡಲಿಲ್ಲ. ಕಳೆದ ಗುರುವಾರ ಅದನ್ನು ಪೆಟ್ಟಿಗೆಯಿಂದ ತೆಗೆದು, ನಿನ್ನ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ನಿನ್ನ ದಾರ ಸುತ್ತಿದ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಕೂತೆ. ಮುಚ್ಚಳಗಳನ್ನು ಹಿಡಿದಿರುವ ಉದ್ದ ಕಡ್ಡಿಯ ತುದಿಯ ಸ್ಕ್ರೂ ಒಂದೂವರೆ ಸುತ್ತು ಹೊರಗೆ ಬಂದಿತ್ತು. ಅದನ್ನು ಬೆರಳಲ್ಲಿ ಹಿಡಿದೆ. ಬೆರಳಿಗೆ ಅಂಟಿತು. ನೋಡಿದರೆ ಕೆಂಪು ಬಣ್ಣ ಹತ್ತಿದೆ, ಜಿಗುಟು ಜಿಗುಟು. ನೇಲ್ ಪಾಲಿಶ್ ಒಣಗಿದ ಮೇಲೆ ಜಿಗುಟಾಗುವುದಿಲ್ಲ ಅಮ್ಮಾ. ಅದು ನೇಲ್ ಪಾಲಿಶ್ ಆಗಿರಲಿಲ್ಲ.

ನಮ್ಮ ಅಂಗಡಿಯ ಪ್ರತಿ ಸ್ಕ್ರೂವಿನ ಮೇಲೂ ಇಬ್ಬರ ಕೈಯಿದೆ. ನೀನು ತಿರುಗಿಸುತ್ತೀಯ, ಅದು ಅಲುಗದ ಹಾಗೆ ತಲೆಯ ಅಂಚಿಗೆ ಕೆಂಪು ನೇಲ್ ಪಾಲಿಶ್‌ನ ಒಂದು ಹನಿ ಇಡುವವನು ನಾನು. ಎಂ.ಎ. ಮುಗಿಸಿ ಮನೆಯಲ್ಲಿ ಕೂತವನಿಗೆ ನೀನು ನಂಬಿ ಕೊಟ್ಟ ಕೆಲಸ ಅದೊಂದೇ. "ಬೊಟ್ಟಿಡು ಬಾರೋ" ಎಂದು ಕೂಗುತ್ತಿದ್ದೆ, ನಾನು ಪುಸ್ತಕ ಬೋರಲು ಹಾಕಿ ಬರುತ್ತಿದ್ದೆ. ಸೆಪ್ಟೆಂಬರ್ ಕೊನೆಯಲ್ಲಿ ಸೀಸೆ ಖಾಲಿಯಾಯಿತು, ಇನ್ನೊಂದು ತಾ ಅಂದೆ. ಹೋದೆ. ಆ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ಮೂವರು ಹುಡುಗಿಯರು ನಿಂತಿರುತ್ತಾರೆ. ಅವರ ಮುಂದೆ ನಿಂತು ನೇಲ್ ಪಾಲಿಶ್ ಕೊಡಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಬಾಚಣಿಗೆ ಕೊಂಡು ಬಂದೆ. ಮಾರನೇ ದಿನ ಹೋಗಿ ಸೋಪು ತಂದೆ, ಅದರ ಮಾರನೇ ದಿನ ಇನ್ನೊಂದು ಸೋಪು. ನಾಲ್ಕನೇ ದಿನ ಹೋಗಲೇ ಇಲ್ಲ. ಪುಸ್ತಕದ ರಟ್ಟು ಅಂಟಿಸುವ ಗೋಂದಿಗೆ ಕೆಂಪು ಶಾಯಿ ಕಲಸಿ ಹಳೇ ಸೀಸೆಗೆ ತುಂಬಿದೆ. ಬಣ್ಣ ಎಷ್ಟು ಚೆನ್ನಾಗಿ ಕೂಡಿತ್ತೆಂದರೆ ನನಗೆ ಸ್ವಲ್ಪ ಜಂಬವೇ ಬಂತು. "ವಾಸನೇನೇ ಇಲ್ವಲ್ಲೋ" ಅಂದೆ ನೀನು. ವಾಸನೆ ಇಲ್ಲದ್ದೇ ಈಗ ಬರುತ್ತಿದೆ ಅಂದೆ ನಾನು.

ಗೋಂದು ಪುಸ್ತಕವನ್ನು ಹಿಡಿಯುತ್ತದೆ, ಯಾಕೆಂದರೆ ಪುಸ್ತಕದ ಮೇಲೆ ಯಾರೂ ಉಸಿರು ಬಿಡುವುದಿಲ್ಲ. ಕೊಳಲಿನಲ್ಲಿ ಉಸಿರಿನ ತೇವ, ಹಿಡಿದ ಬೆರಳಿನ ಬೆವರು. ನನ್ನ ಬೊಟ್ಟು ದಿನದಿನಕ್ಕೂ ಕರಗಿತು, ಕರಗಿದ್ದು ಸ್ಕ್ರೂವಿನ ಸುರುಳಿ ಎಳೆಗಳಿಗೆ ಇಳಿಯಿತು, ನೀನು ಸರಿಯಾಗಿ ಬಿಗಿದ ಸ್ಕ್ರೂ ಜಾರಿಕೊಂಡು ಹೊರಗೆ ಬಂತು. ಮೂರು ಕೊಳಲಿಗೂ ಆದದ್ದು ಇಷ್ಟೇ.

ಇದನ್ನು ಊಹೆಯಿಂದ ಬರೆಯುತ್ತಿಲ್ಲ. ಡಾಕ್ಟರಮ್ಮನ ಕೊಳಲಿನ ಸ್ಕ್ರೂಗಳನ್ನೆಲ್ಲ ನಿನ್ನ ಭೂತಗನ್ನಡಿಯಲ್ಲಿ ನೋಡಿದೆ. ಕೈ ನಡುಗುವವರು ಬಿಗಿದರೆ ಸ್ಕ್ರೂಡ್ರೈವರ್ ಜಾರಬೇಕು, ಜಾರಿದರೆ ಸುತ್ತಲಿನ ಲೋಹಕ್ಕೆ ಗೀರು ಬೀಳಬೇಕು. ಇಪ್ಪತ್ತು ಸ್ಕ್ರೂ, ಒಂದೂ ಗೀರಿಲ್ಲ. ಟೀ ಲೋಟ ಹಿಡಿದಾಗ ನಿನ್ನ ಕೈ ನಡುಗುತ್ತದೆ, ನಿಜ, ನಾನೂ ನೋಡಿದ್ದೇನೆ. ಸ್ಕ್ರೂಡ್ರೈವರ್ ಹಿಡಿದರೆ ನಿಲ್ಲುತ್ತದೆ. ಗೀರು ಈಗ ಎರಡಿವೆ, ಎರಡೂ ನನ್ನವು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಗೋಂದನ್ನೆಲ್ಲ ತೆಗೆದು, ಒಣಗಿಸಿ, ಸೂಜಿ ಮೊನೆಯಷ್ಟು ಎಣ್ಣೆ ಬಿಟ್ಟು ಬಿಗಿಯಲು ಹೋದೆ. ಮೊದಲ ಸಲ ಎಷ್ಟು ಬಿಗಿದೆನೆಂದರೆ ಮುಚ್ಚಳ ಕೆಳಗೆ ಬೀಳದೆ ಅರ್ಧಕ್ಕೇ ನಿಂತಿತು. ನಿನ್ನ ಮಾತು ನೆನಪಾಯಿತು, "ಬಿಗಿ ಅಂದ್ರೆ ಕತ್ತು ಹಿಸುಕೋದಲ್ಲ ಕಣೋ." ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದೆ. ಮುಚ್ಚಳ ತನ್ನ ಭಾರಕ್ಕೇ ಬಂದು ಕೂತಿತು. ತೆಳು ಕಾಗದದ ಚೂರು ಕೆಳಗಿಟ್ಟು ಎಳೆದು ನೋಡಿದೆ. ಎಲ್ಲ ಕಡೆಯಿಂದಲೂ ಒಂದೇ ಸಮನಾಗಿ ಹಿಡಿಯಿತು. ಆ ಒಂದು ಸ್ಕ್ರೂಗೇ ನನಗೆ ಅರ್ಧ ದಿನ ಹಿಡಿಯಿತು ಅಮ್ಮಾ. ನೀನು ಪಕ್ಕದ ಮನೆಯವರ ಹತ್ತಿರ ಮಾತಾಡುತ್ತಾ ಆರು ಮುಗಿಸುತ್ತಿದ್ದೆ.

ಇನ್ನು ಬೊಟ್ಟಿಗೆ ನೇಲ್ ಪಾಲಿಶ್ ಬೇಕಲ್ಲ, ಶನಿವಾರ ಅದೇ ಅಂಗಡಿಗೆ ಹೋದೆ. ಬಾಚಣಿಗೆಯ ಕಡೆ ನೋಡಲೇಬಾರದು ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋಗಿದ್ದೆ. "ಯಾವ ಶೇಡ್ ಸಾರ್?" ಅಂದಳು ನಡುವಿನ ಹುಡುಗಿ. ಗಟ್ಟಿಯಾಗಿ ಹಿಡಿಯುವಂಥದ್ದು ಅಂದೆ. "ಯಾರಿಗೆ ಸಾರ್?" ಕೊಳಲಿಗೆ ಅಂದೆ. ಅವಳು ಪಕ್ಕದವಳನ್ನು ತಿವಿದಳು. "ಕೊಳಲಿಗೆ ಬೆರಳೆಷ್ಟು ಸಾರ್?" ಇಪ್ಪತ್ತು ಅಂದೆ. ಮೂವರೂ ನಕ್ಕರು. ಕಿವಿ ಬಿಸಿಯಾಯಿತು, ಆದರೆ ಅಷ್ಟೇ, ಬೇರೇನೂ ಆಗಲಿಲ್ಲ. ಇಷ್ಟಕ್ಕೆ ಹೆದರಿ ನಿನ್ನ ಮೇಜು ಮಾರುವವರೆಗೆ ತಂದೆನಲ್ಲ ಎಂದು ದಾರಿಯಲ್ಲಿ ನನ್ನ ಮೇಲೇ ಸಿಟ್ಟು ಬಂತು.

ಗೋಡೆಗೆ ತೂಗುಹಾಕಿದ ಹಳೇ ಕೊಳಲನ್ನು ಇಳಿಸಿ, ಒಂದೇ ಥರದ ಎರಡು ಸ್ಕ್ರೂಗಳನ್ನು ಒಂದೇ ಹದಕ್ಕೆ ಬಿಗಿದು, ಒಂದಕ್ಕೆ ಪಾಲಿಶ್, ಇನ್ನೊಂದಕ್ಕೆ ಗೋಂದು ಇಟ್ಟೆ. ಊದಲು ಅಪ್ಪನನ್ನು ಕೂರಿಸಿದೆ. ನಾಲ್ಕು ಸಂಜೆ ಊದಿದರು. ಸುರಂಗದೊಳಗೆ ಗಾಡಿ ಹೊಕ್ಕಂಥ ಸದ್ದು ಬಿಟ್ಟರೆ ಬೇರೆ ಸ್ವರ ಬರಲಿಲ್ಲ. ಕೆಳಮನೆಯವರು ಎರಡು ಸಲ ಬಂದು ಎಲ್ಲಾ ಕ್ಷೇಮ ತಾನೆ ಎಂದು ವಿಚಾರಿಸಿದರು. ನಿನ್ನೆ ನೋಡಿದರೆ ಗೋಂದಿನ ಸ್ಕ್ರೂ ಉಗುರಿನಿಂದಲೇ ತಿರುಗಿತು, ಪಾಲಿಶಿನದು ಜಪ್ಪಯ್ಯ ಅಂದರೂ ಕದಲಲಿಲ್ಲ. ಆಗ ಅಪ್ಪನಿಗೆ ಎಲ್ಲ ಹೇಳಿದೆ. "ಎಂ.ಎ. ಮಾಡಿ ಗೋಂದು ಕಲಸಿದ್ಯಲ್ಲೋ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನೀನೇ ಅವಳಿಗೆ ಬರಿ. ನಾನು ಹೇಳಿದ್ರೆ ಸಮಾಧಾನ ಮಾಡ್ತಿದ್ದೀನಿ ಅಂದ್ಕೋತಾಳೆ" ಅಂದರು.

ಇವತ್ತು ಬೆಳಿಗ್ಗೆ ಇಬ್ಬರ ಮನೆಗೆ ಹೋಗಿ ತಪ್ಪು ನನ್ನದು ಎಂದು ಹೇಳಿ ಬಂದೆ. ಡಾಕ್ಟರಮ್ಮ ಬಾಗಿಲಲ್ಲೇ ನಿಂತು ಕೊಳಲು ಊದಿ ನೋಡಿ, ಕೆಳಗಿನ ಸ್ವರ ತುಂಬಿ ಬಂದದ್ದಕ್ಕೆ ತಲೆದೂಗಿದರು. "ನಾನು ಹಾಕಿದ ಸಿಮೆಂಟು ಉದುರಿದಾಗ ನಾನೂ ಹಲ್ಲಿನ ಮೇಲೇ ತಪ್ಪು ಹಾಕೋದು" ಅಂದರು. ನಿನ್ನ ಕೈ ಬಗ್ಗೆ ತಾವೂ ಒಂದು ಮಾತು ಆಡಿದ್ದರಂತೆ, ಅದನ್ನು ವಾಪಸ್ ತಗೊಂಡೆ ಅಂತ ಬರಿ ಅಂದರು, ಬರೆದಿದ್ದೇನೆ. ಪೋಸ್ಟ್‌ಮ್ಯಾನ್ ತಾತ ಎಲ್ಲ ಕೇಳಿಸಿಕೊಂಡು ತಮ್ಮ ಕೊಳಲನ್ನು ಒಳಗಿಂದ ತಂದರು. "ಇದನ್ನ ನೀನು ಮುಟ್ಟಬೇಡ. ನಿಮ್ಮಮ್ಮ ಬರಲಿ, ಕಾಯ್ತೀನಿ" ಎಂದು ಪೆಟ್ಟಿಗೆಯನ್ನು ನನ್ನ ತೋಳಿಗೆ ಇಟ್ಟರು. ಅದು ಈಗ ನಿನ್ನ ಮೇಜಿನ ಮೇಲಿದೆ.

ಭಾನುವಾರ ಹೊರಟರೂ ಸಾಕು, ಅಪ್ಪನಿಗೆ ರಜೆ, ನಿಲ್ದಾಣಕ್ಕೆ ಇಬ್ಬರೂ ಬರುತ್ತೇವೆ. ದೊಡ್ಡಮ್ಮನಿಗೂ ದೊಡ್ಡಪ್ಪನಿಗೂ ನನ್ನ ನಮಸ್ಕಾರ ತಿಳಿಸು. ನಿನ್ನನ್ನು ಇನ್ನೊಂದು ವಾರ ಇರಿಸಿಕೊಳ್ಳುತ್ತೇವೆ ಎಂದು ಹಠ ಮಾಡಿದರೆ ಈ ಪತ್ರ ತೋರಿಸು, ನನಗೆ ನಾಚಿಕೆಯಾದರೆ ಆಗಲಿ.

ನಿನ್ನ ದಾರಿ ಕಾಯುತ್ತಾ,
ನಿನ್ನ ಮಗ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದ್ದೇನೆ. ಮೇಲೆ ಒಂದು ಸುಳ್ಳಿದೆ. ಗೋಂದು ಎಂದು ನನಗೆ ತಿಳಿದದ್ದು ಕಳೆದ ಗುರುವಾರವಲ್ಲ. ಮೇಷ್ಟ್ರು ಕಿರುಚಾಡುತ್ತಾ ಆ ಸ್ಕ್ರೂವನ್ನು ಎಸೆದಾಗ ನೆಲದಿಂದ ಹೆಕ್ಕಿಕೊಟ್ಟವನು ನಾನು. ಆಗಲೇ ಅದು ಬೆರಳಿಗೆ ಅಂಟಿತ್ತು, ಆಗಲೇ ಗೊತ್ತಾಗಿತ್ತು. ಅವರು ನಿನ್ನ ಕೈಯನ್ನು ಆಡಿಕೊಳ್ಳುತ್ತಿದ್ದಾಗ ನಾನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಸುಮ್ಮನೆ ನಿಂತಿದ್ದೆ. ಆಮೇಲೆ ಎರಡು ದಿನ ನಿನ್ನ ಜೊತೆಗೇ ಇದ್ದೆ, ಬಸ್ಸಿಗೆ ಚೀಲ ಹತ್ತಿಸಿದೆ, ಆಗಲೂ ಹೇಳಲಿಲ್ಲ. ಗೋಂದಿಗಿಂತ ದೊಡ್ಡ ತಪ್ಪು ಇದು. ಅಪ್ಪನಿಗೂ ಇದನ್ನು ಹೇಳಿಲ್ಲ, ನೀನು ಬಂದ ಮೇಲೆ ಇಬ್ಬರ ಎದುರಿಗೂ ಹೇಳುತ್ತೇನೆ. ಪತ್ರವನ್ನು ತಿದ್ದಿ ಹೊಸದಾಗಿ ಬರೆಯಲು ಕೂರುವುದಿಲ್ಲ, ಕೂತರೆ ಆ ಸುಳ್ಳನ್ನೇ ಇನ್ನೂ ಅಂದವಾಗಿ ಬರೆದುಬಿಡುತ್ತೇನೆ. ಮೇಷ್ಟ್ರ ಹತ್ತಿರ ಇನ್ನೂ ಹೋಗಿಲ್ಲ. ನಾಲ್ಕು ಗಂಟೆಗೆ ಅವರ ಕ್ಲಾಸು, ಮೂವತ್ತು ಮಕ್ಕಳಿರುತ್ತಾರೆ. ಅವರು ನಿನಗೆ ಅಂದದ್ದು ಬೀದಿಯವರ ಮುಂದೆ, ನಾನು ಹೇಳುವುದೂ ಆ ಮಕ್ಕಳ ಮುಂದೆಯೇ. ಅಂಚೆ ಪೆಟ್ಟಿಗೆ ಅವರ ಶಾಲೆಯ ದಾರಿಯಲ್ಲೇ ಇದೆ. ಈಗ ಮೂರೂಮುಕ್ಕಾಲು.