ಫೈನಲ್‌ನ ಎಪ್ಪತ್ತನೇ ನಿಮಿಷ

ಜೂನ್ ೧೪, ಭಾನುವಾರ
ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಿಂದ

ಪ್ರೀತಿಯ ಭಾವನಿಗೆ,

ನಿಮ್ಮ ಏಕಮಾತ್ರ ಭಾಮೈದುನನ ನಮಸ್ಕಾರಗಳು. ನಾಲ್ಕು ತಿಂಗಳಿಂದ ಒಂದು ಸಾಲನ್ನೂ ಬರೆಯದಿದ್ದುದಕ್ಕೆ ನೆಪ ಹುಡುಕಿ ಸೋತಿದ್ದೇನೆ. ಕೆಲಸ ಹೆಚ್ಚಾಗಿತ್ತು ಎನ್ನೋಣವೆಂದರೆ, ಊರವರಿಗೆಲ್ಲ ಒಮ್ಮೆಲೇ ಕಣ್ಣು ಚೆನ್ನಾಗಿ ಕಾಣಲು ಶುರುವಾದಂತೆ ಅಂಗಡಿ ಭಣಭಣ ಎನ್ನುತ್ತಿದೆ. ಆರೋಗ್ಯ ಕೆಟ್ಟಿತ್ತು ಎನ್ನೋಣವೆಂದರೆ, ಅಕ್ಕ ವಾರಕ್ಕೆರಡು ಸಲ ಫೋನಿನಲ್ಲಿ ನನ್ನ ಊಟ ನಿದ್ದೆಗಳ ವಿಚಾರಣೆ ನಡೆಸುತ್ತಾಳೆ. ಹಾಗಾಗಿ ನೆಪವಿಲ್ಲದ ಬರೀ ಕ್ಷಮೆ ಕೇಳುತ್ತಿದ್ದೇನೆ.

ನಿಮ್ಮ ಸೊಂಟ ಹೇಗಿದೆ? ಲಿಫ್ಟ್ ಕೆಟ್ಟಾಗ ಹನ್ನೊಂದು ಮಹಡಿ ನಡೆದು ಹತ್ತುವ ಭಾಗ್ಯ ಲಿಫ್ಟ್ ರಿಪೇರಿಯವರಿಗೇ ಮೀಸಲು ಎಂಬುದು ಸೃಷ್ಟಿಯ ದೊಡ್ಡ ತಮಾಷೆ.

ಕಳೆದ ವಾರ ಅಕ್ಕ ಒಂದು ವಿಷಯ ಹೇಳಿದಳು. ನೀವು ವಿಡಿಯೊ ಆಟದ ರಿಮೋಟನ್ನು ಅದರ ಡಬ್ಬಿಗೇ ಹಾಕಿ, ಟೇಪ್ ಸುತ್ತಿ, ಅಟ್ಟಕ್ಕೆ ಏರಿಸಿದ್ದೀರಂತೆ. "ಭಾನುವಾರ ಮಧ್ಯಾಹ್ನ ಆದ್ರೆ ಟೀವಿ ಮುಂದೆ ಹೋಗಿ ಕೂತ್ಕೋತಾರೆ ಕಣೋ. ಟೀವಿ ಹಾಕಿರಲ್ಲ," ಎಂದಳು. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ನೀವು ಮತ್ತೆ ಆಡಬೇಕು ಭಾವ. ಅದಕ್ಕೆಂದೇ ಈ ಕಾಗದ.

ನಮ್ಮ ಹನ್ನೆರಡು ಜನರ ಆನ್‌ಲೈನ್ ಫುಟ್‌ಬಾಲ್ ಕೂಟ ಎಂಥದ್ದೆಂದು ನಿಮಗೆ ಹೇಳಬೇಕಿಲ್ಲ. ನಿಜವಾದ ಮೈದಾನದಲ್ಲಿ ಐವತ್ತು ಹೆಜ್ಜೆ ಓಡಿದರೆ ಆಂಬುಲೆನ್ಸ್ ಕರೆಸಬೇಕಾದವರು ನಾವು. ಆದರೆ ಮರ್ಯಾದೆಯಲ್ಲಿ ಯಾವ ದೇಶದ ತಂಡಕ್ಕೂ ಕಡಿಮೆಯಿಲ್ಲ. ಎದುರಾಳಿ 'ಬಾಗಿಲು' ಎಂದು ಟೈಪ್ ಮಾಡಿದರೆ, ಅವನು ಬಾಗಿಲು ತೆಗೆದು ಬರುವವರೆಗೆ ಯಾರೂ ಗೋಲು ಹೊಡೆಯುವುದಿಲ್ಲ, ಚೆಂಡನ್ನು ತಮ್ಮತಮ್ಮಲ್ಲೇ ತಳ್ಳಿಕೊಂಡಿರುತ್ತಾರೆ. ಸೋಲುವಾಗ ಇಂಟರ್ನೆಟ್ ತಂತಿ ಕಿತ್ತು ಪರಾರಿಯಾದವರಿಗೆ ಒಂದು ವರ್ಷ ಬಹಿಷ್ಕಾರ. ಈ ಕೊನೆಯ ನಿಯಮವನ್ನು ದಪ್ಪ ಅಕ್ಷರದಲ್ಲಿ ಬರೆದವರು ಮಾನ್ಯ ಅಧ್ಯಕ್ಷರು, ಅಂದರೆ ನಾನು.

ನಾಲ್ಕು ತಿಂಗಳ ಹಿಂದೆ, ನಮ್ಮಿಬ್ಬರ ಫೈನಲ್ ದಿನ, ಅಂಗಡಿಗೆ ಒಬ್ಬ ಅಜ್ಜಿ ಕನ್ನಡಕದ ಸ್ಕ್ರೂ ಬಿಗಿಮಾಡಿಸಲು ಬಂದರು. ನಾನು 'ಬಾಗಿಲು' ಎಂದೆ. ಆಟದ ಗಡಿಯಾರದಲ್ಲಿ ಇಪ್ಪತ್ತು ನಿಮಿಷ ನೀವು ನಿಮ್ಮ ಗೋಲ್‌ಕೀಪರನ ಹತ್ತಿರವೇ ಚೆಂಡು ಉರುಳಿಸುತ್ತ ಕಾದಿರಿ. ನಾನು ಬಂದು ಕೂತೆ. ಆಮೇಲೆ ಎರಡು ಗೋಲು ಹೊಡೆದಿರಿ. ಮೂರು–ಒಂದು. ಎಪ್ಪತ್ತನೇ ನಿಮಿಷ. ಕೈ ತಾನಾಗಿ ಮೇಜಿನ ಕೆಳಗೆ ಹೋಯಿತು ಎಂದು ಬರೆಯಲಿದ್ದೆ. ಕೈ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಬಗ್ಗಿ ತಂತಿ ಕಿತ್ತವನು ನಾನು.

ಇಬ್ಬರ ಪರದೆಯ ಮೇಲೂ ಬರುವುದು 'ಸಂಪರ್ಕ ಕಡಿದಿದೆ' ಎಂಬ ಎರಡೇ ಮಾತು. ಕಡಿದವರು ಯಾರೆಂದು ಅದು ಹೇಳುವುದಿಲ್ಲ. ನಾನು ಹೇಳಿದೆ. ಎರಡು–ಒಂದರಲ್ಲಿ ನಾನೇ ಮುಂದಿದ್ದೆ, ತಂತಿ ಕಿತ್ತವರು ಭಾವ ಎಂದು ಗುಂಪಿಗೆ ಬರೆದೆ. ಬೇಲಿಯೇ ಎದ್ದು ಹೊಲ ಮೇಯಿತು. ಮೇಯ್ದಾದ ಮೇಲೆ ಮೇಕೆಯ ಮೇಲೆ ದೂರನ್ನೂ ಕೊಟ್ಟಿತು. ಕಾರ್ಯದರ್ಶಿ ಟೀಚರಮ್ಮ ನಿಮ್ಮನ್ನು ಕೇಳಿದಾಗ ನೀವು ಬರೆದದ್ದು ಒಂದೇ ಸಾಲು: "ಅವನು ಹೇಳಿದ ಹಾಗೇ ಬರ್ಕೊಳ್ಳಿ." ನಿಮ್ಮ ಬಹಿಷ್ಕಾರಕ್ಕೆ ನಾನೇ ಸಹಿ ಹಾಕಿದೆ.

ಇವತ್ತು ಬೆಳಿಗ್ಗೆ ಗುಂಪಿನ ಎಲ್ಲರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಬೈಯುತ್ತಾರೆಂದುಕೊಂಡಿದ್ದೆ, ಯಾರೂ ಬೈಯಲಿಲ್ಲ. ನಮ್ಮ ಕೂಟದ ಬಸ್ ಕಂಡಕ್ಟರ್ ಮಾತ್ರ ಕೇಳಿದ, "ನಾವು ನಾಲ್ಕು ತಿಂಗ್ಳು ನಿಮ್ಮ ಭಾವನ್ನ ಮಾತಾಡ್ಸಿಲ್ಲ ಅಧ್ಯಕ್ಷರೇ. ಅದನ್ನ ಯಾವ ನಿಯಮದಲ್ಲಿ ವಾಪಸ್ ಕೊಡ್ತೀರಿ?" ದಪ್ಪ ಅಕ್ಷರದಲ್ಲೂ ಸಣ್ಣ ಅಕ್ಷರದಲ್ಲೂ ಹುಡುಕಿದೆ, ಅಂಥ ನಿಯಮವಿಲ್ಲ.

ನನ್ನನ್ನು ಹೊರಹಾಕುವ ನಿರ್ಣಯವನ್ನು ನಾನೇ ಮಂಡಿಸಿ, ನಾನೇ ಅನುಮೋದಿಸಿ, ನಾನೇ ಸಹಿ ಹಾಕಿದೆ. ಇಷ್ಟು ಸರಾಗವಾಗಿ ನಮ್ಮ ಕೂಟದಲ್ಲಿ ಯಾವ ಕೆಲಸವೂ ನಡೆದದ್ದಿಲ್ಲ. ಟೀಚರಮ್ಮ ಮಾತ್ರ ಒಮ್ಮೆ ತಿರುಗಿಸಿ ಕಳಿಸಿದರು: "ಇದ್ರಲ್ಲಿ 'ಅಚಾತುರ್ಯ' ಅಂತಿದೆ. 'ಸುಳ್ಳು' ಅಂತ ಬರೀರಿ." ಬರೆದೆ.

ಕಪ್ ನಿಮ್ಮದು. ಮುಂದಿನ ಭಾನುವಾರ ಮೂರು ಗಂಟೆಗೆ ಕಂಡಕ್ಟರ್ ನಿಮಗಾಗಿ ಕಾಯುತ್ತಾನೆ. ನನಗೆ ನೋಡಲೂ ಅನುಮತಿಯಿಲ್ಲ. ಅಕ್ಕನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ, ನಿಮ್ಮ ಸೊಂಟಕ್ಕೆ ದೀರ್ಘಾಯುಷ್ಯ.

ಇತಿ,
ಒಂದು ವರ್ಷ ಪೂರ್ತಿ ಬಿಡುವಾಗಿರುವ ನಿಮ್ಮ ಭಾಮೈದುನ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ತಂತಿ ಕಿತ್ತ ಮರುಗಳಿಗೆಯೇ ನನ್ನ ಫೋನಿಗೆ ನಿಮ್ಮ ಸಂದೇಶ ಬಂದಿತ್ತು. "ಕರೆಂಟ್ ಹೋಯ್ತೇನೋ? ಗಾಬರಿ ಆಗ್ಬೇಡ. ಬಂದ್ಮೇಲೆ ಸೊನ್ನೆಯಿಂದ ಆಡೋಣ, ನನ್ನ ಮೂರು ಗೋಲು ಬಿಟ್ಟಾಕು." ಅದನ್ನು ಓದಿದೆ. ಓದಿದ ಮೇಲೆಯೇ ಗುಂಪಿಗೆ ಆ ಸುಳ್ಳು ಬರೆದೆ. ಅದೇ ಸಂದೇಶ ನಿಮ್ಮ ಫೋನಿನಲ್ಲೂ ಇತ್ತು, ಗಂಟೆ ನಿಮಿಷದ ಸಮೇತ. ಟೀಚರಮ್ಮನಿಗೆ ಅದೊಂದನ್ನು ತೋರಿಸಿದ್ದರೆ ಮುಗಿದಿತ್ತು. ನೀವು ತೋರಿಸಲಿಲ್ಲ. ನಾನು ಇಂದಿಗೂ ಅದಕ್ಕೆ ಉತ್ತರ ಕೊಟ್ಟಿಲ್ಲ.

ಕರೆಂಟ್ ಹೋಗಿರಲಿಲ್ಲ, ಭಾವ.